ಹೊಸಿಲಾಚೆ ನಿಂತ ಕಾಮಣ್ಣನ ಪರವಾಗಿ ರಕ್ತ ಹೀರುವ ದೊರೆಗೆ

ಶ್ರೀಮಾನ್ ರಕ್ತದೊರೆಯವರ ಸನ್ನಿಧಿಗೆ,
ಕಪ್ಪು ಕೋಟೆ, ಬೆಟ್ಟದ ತುದಿ,
‘ಸಿಡಿಲಣ್ಣ ಮತ್ತು ಕಪ್ಪು ಕೋಟೆಯ ದೊರೆ’ ಎಂಬ ಕಾರ್ಟೂನ್ ಸಿನಿಮಾ.

ಮಾನ್ಯರೇ,

ಪರಶುರಾಂಪುರದಲ್ಲಿ ಕುರಿ ಸಾಕುವ ಸೂರಪ್ಪನಾದ ನಾನು ತಮ್ಮ ಪಾದಗಳಿಗೆ, ತಮ್ಮ ಪಾದ ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಪಾದದ ಕೆಳಗಿನ ಗಾಳಿಗೆ, ಅಡ್ಡಬಿದ್ದು ಬರೆದುಕೊಳ್ಳುವ ಬಿನ್ನಹವೇನೆಂದರೆ, ಇಲ್ಲಿ ನಾವು ಯಾರೂ ಕ್ಷೇಮವಾಗಿಲ್ಲ. ತಾವು ಮಾತ್ರ ಸತ್ತು ನೂರಾರು ವರ್ಷವಾದರೂ ಕೂದಲು ಬಾಚಿಕೊಂಡು, ಕೋಟು ಇಸ್ತ್ರಿ ಮಾಡಿಸಿಕೊಂಡು, ಬಹಳ ಕ್ಷೇಮವಾಗಿರುವುದನ್ನು ನಮ್ಮ ಮನೆಯ ಟಿವಿಯಲ್ಲಿ ಕಣ್ಣಾರೆ ನೋಡಿ ಸಂತೋಷಪಟ್ಟಿದ್ದೇನೆ. ನಾನು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳವಾಡಿಕೊಂಡು ಶಾಲೆ ಬಿಟ್ಟವನು. ಅಕ್ಷರ ತಪ್ಪಿದ್ದರೆ ತಾವು ಕೋಪ ಮಾಡಿಕೊಳ್ಳಬಾರದು. ಕೋಪ ಮಾಡಿಕೊಂಡರೂ ನನಗೇನೂ ನಷ್ಟವಿಲ್ಲ. ಬೆಟ್ಟದ ತುದಿಗೆ ಟಪಾಲು ಹೋಗುತ್ತದೋ ಇಲ್ಲವೋ ತಿಳಿಯದ ಕಾರಣ ಈ ಪತ್ರವನ್ನು ಪತ್ರಿಕೆಯವರಿಗೆ ಕೊಡುತ್ತಿದ್ದೇನೆ. ಎಲ್ಲರೂ ಓದಲಿ.

ವಿಷಯಕ್ಕೆ ಬರುತ್ತೇನೆ. ತಮ್ಮ ದೆಸೆಯಿಂದ ನನ್ನ ಮಗಳು ವನಜಾಕ್ಷಿಯ ಮದುವೆ ನಮ್ಮ ಮನೆ ಹೊಸಿಲ ಆಚೆ ನಿಂತಿದೆ. ಒಳಗೂ ಬರುತ್ತಿಲ್ಲ, ವಾಪಸ್ಸೂ ಹೋಗುತ್ತಿಲ್ಲ. ವನಜಾಕ್ಷಿ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಇದಕ್ಕೆ ಮೊದಲು ನೋಡಲು ಬಂದವರೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿಂದು, ಕೈ ತೊಳೆದು, ಹುಡುಗಿ ಕೆಲಸ ಬಿಡಬೇಕು ಎನ್ನುತ್ತಿದ್ದರು. ಅವಳು ಅವರನ್ನೇ ಬಿಡುತ್ತಿದ್ದಳು. ಬಿ.ಜಿ. ಕೆರೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಓಬಳೇಶ ಎಂಬ ಹುಡುಗ ಮಾತ್ರ ಆ ಮಾತು ಆಡಲಿಲ್ಲ. ಅವನು ದಿನಾ ಅವಳ ಬಸ್ಸಿನಲ್ಲೇ ಓಡಾಡುವವನು, ಚಿಲ್ಲರೆ ಸರಿಯಾಗಿ ಕೊಡುವವನು. ಅವಳೂ ಒಪ್ಪಿದ್ದಳು. ಒಪ್ಪಿದ್ದು ಹೇಗೆ ಗೊತ್ತಾಯಿತೆಂದರೆ, ಅವರು ಬರುವ ದಿನಕ್ಕೆ ಪೆಟ್ಟಿಗೆಯಿಂದ ಮೊಳಕಾಲ್ಮುರು ರೇಷ್ಮೆ ಸೀರೆಯನ್ನು ಯಾರೂ ಹೇಳದೆ ತಾನೇ ತೆಗೆದಿಟ್ಟುಕೊಂಡಿದ್ದಳು. ಇಂಥ ಕೆಲಸದಲ್ಲಿ ತಾವು ಬಂದು ಅಡ್ಡಗಾಲು ಹಾಕಿದ್ದೀರಿ.

ದೂರುವ ಮೊದಲು ಹೊಗಳುವುದು ಧರ್ಮ. ರಕ್ತ ಹೀರುವವರಲ್ಲಿ ತಮ್ಮಷ್ಟು ಮರ್ಯಾದಸ್ಥರನ್ನು ನಾನು ನೋಡಿಲ್ಲ. ಕುರಿಯ ಮೈಮೇಲಿನ ಉಣ್ಣಿಯೂ ರಕ್ತ ಹೀರುತ್ತದೆ, ಆದರೆ ಅದು ಹತ್ತುವ ಮುಂಚೆ ಕುರಿಯನ್ನು ಕೇಳುವುದಿಲ್ಲ. ತಾವಾದರೋ ಬಾಗಿಲಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, ‘ಎಲೈ ಮಾತೆಯೇ, ಈ ಅತಿಥಿಯನ್ನು ಒಳಗೆ ಆಹ್ವಾನಿಸುವೆಯಾ?’ ಎಂದು ಕೇಳಿ, ಮನೆಯವರು ‘ಬಾ’ ಅಂದರೆ ಮಾತ್ರ ಒಳಗೆ ಕಾಲಿಡುತ್ತೀರಿ. ವೋಟು ಕೇಳುವವರು, ಪಾಲಿಸಿ ಮಾಡಿಸುವವರು, ನನ್ನ ದೊಡ್ಡ ಷಡ್ಡಕ, ಇವರಲ್ಲಿ ಒಬ್ಬರಾದರೂ ಇಂಥ ನಡತೆ ಕಲಿತಿಲ್ಲ. ತಮ್ಮ ಕನ್ನಡವಂತೂ ಬಹಳ ಸೊಗಸು. ಸಿನಿಮಾಕ್ಕೆ ಕನ್ನಡ ಮಾತು ಕೊಟ್ಟವರು ಯಾರೋ ಗೊತ್ತಿಲ್ಲ. ಹಾಗೆ ಮಾತಾಡುವ ಒಬ್ಬ ಮನುಷ್ಯನೂ ಚಳ್ಳಕೆರೆ ತಾಲ್ಲೂಕಿನಲ್ಲಿ ಬದುಕಿಲ್ಲ. ನನ್ನ ಮಗ ಮಾರುತಿಯ ಮಗಳು ತೇಜಶ್ರೀ, ಮೂರನೇ ಕ್ಲಾಸು, ತಮ್ಮ ಸಿನಿಮಾ ನೋಡಿದ ಮೇಲೆ ರಾಗಿಮುದ್ದೆ ಮುಂದಿಟ್ಟರೆ ‘ಎಲೈ ಮೂಢ ಮಾನವರೇ, ಇದನ್ನು ನಾನು ಸೇವಿಸಲಾರೆ’ ಎನ್ನುತ್ತಾಳೆ. ಅವಳ ಅಜ್ಜಿ ರಂಗಕ್ಕ, ಅಂದರೆ ನನ್ನ ಹೆಂಡತಿ, ‘ಸೇವಿಸದಿದ್ರೆ ಉಪಾಸ ಬೀಳೇ’ ಎಂದು ತಟ್ಟೆ ಎತ್ತಿದಳು. ಅಲ್ಲಿಗೆ ಆ ಕನ್ನಡ ಮುಗಿಯಿತು ಅಂದುಕೊಂಡೆವು.

ಮುಗಿಯಲಿಲ್ಲ. ಶುಕ್ರವಾರ ಸಂಜೆ ಮಗು ನನ್ನ ಮಗ್ಗುಲಿಗೆ ಬಂದು ಕೂತು, ಆ ದೊರೆ ನಮ್ಮ ಮನೆಗೆ ಬಂದರೆ ಏನು ಮಾಡುವುದು ತಾತ ಎಂದು ಕೇಳಿತು. ಸಿನಿಮಾದಲ್ಲಿ ಹಾರಿಕೊಂಡು ಬರುವ ಸಿಡಿಲಣ್ಣ ಇದ್ದಾನಲ್ಲ, ಅವನು ಬರುತ್ತಾನೆ ಬಿಡು ಅಂದೆ. ಅವನು ಬಂದರೆ ಊರೇ ಒಡೆದುಹೋಗುತ್ತದೆ ಅಂದಿತು. ಅದೂ ನಿಜವೇ. ತಮ್ಮೊಬ್ಬರನ್ನು ಹಿಡಿಯಲಿಕ್ಕೆ ಆ ಪುಣ್ಯಾತ್ಮ ಎಷ್ಟು ಮನೆ ಕೆಡವಿದ ಎಂದು ನಾನೂ ನೋಡಿದ್ದೇನೆ. ಒಂದು ಮನೆಯವರಿಗಾದರೂ ತಿರುಗಿ ಇಟ್ಟಿಗೆ ಹಾಕಿಕೊಟ್ಟನೇ? ಉಳ್ಳಾರ್ತಿ ಕಾವಲಿನ ಕಡೆ ಆಕಾಶದಲ್ಲಿ ಏನಾದರೂ ಹಾರಿದರೆ ಅದು ಸಿಡಿಲಣ್ಣನೇ ಎಂದು ಮಗುವಿನ ನಂಬಿಕೆ. ನಮ್ಮ ಕುರಿ ಮೇಯುತ್ತಿದ್ದ ಆ ಹುಲ್ಲುಗಾವಲಿಗೆ ಗೋಡೆ ಕಟ್ಟಿಸಿ ವಿಮಾನ ಹಾರಿಸುವ ಸರ್ಕಾರದವರೂ ತಾವೂ ಒಂದೇ ನಿಯಮದವರು, ಆಹ್ವಾನವಿಲ್ಲದೆ ಒಳಗಿಲ್ಲ; ನಮ್ಮ ಕುರಿಗಳಿಗೆ ಮಾತ್ರ ಯಾರೂ ಆಹ್ವಾನ ಕಳಿಸುವುದಿಲ್ಲ. ಇರಲಿ, ಅದು ಬೇರೆ ಪತ್ರ.

ಆಗ ನಾನು ಮಾಡಿದ ಒಂದೇ ಕೆಲಸವೆಂದರೆ, ನಮ್ಮ ಕಡೆ ಹಿಂದೆ ನಡೆಯುತ್ತಿದ್ದುದನ್ನು ಹೇಳಿದೆ. ದೆವ್ವವೊಂದು ಮನೆಮನೆ ಬಾಗಿಲು ತಟ್ಟುತ್ತದೆಂದು ಸುದ್ದಿ ಹಬ್ಬಿದ್ದಾಗ ಊರಿಗೆ ಊರೇ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ದೆವ್ವ ಬಂದು ಓದಿಕೊಂಡು, ಸರಿ ನಾಳೆ ಬರೋಣ ಎಂದು ಹೋಗುತ್ತಿತ್ತು. ಮರುದಿನವೂ ಅದೇ ಓದಿ ಹೋಗುತ್ತಿತ್ತು. ಮಗುವಿಗೆ ಈ ಉಪಾಯ ಹಿಡಿಸಿತು. ಸುಣ್ಣದಕಡ್ಡಿ ತಂದು ಕದದ ಮೇಲೆ ‘ನಾಳೆ ಬಾ’ ಎಂದು ಬರೆದು ಉಂಡು ಮಲಗಿತು.

ಬೆಳಿಗ್ಗೆ ಎದ್ದವಳೇ ಅಳುತ್ತ ಬಂದಳು. ತಾತ, ನೀನು ಹೇಳಿದ್ದು ತಪ್ಪು, ಅವನು ‘ಬಾ’ ಅಂದರೆ ಬರುವವನು, ‘ನಾಳೆ ಬಾ’ ಅಂದರೆ ಕರೆದ ಹಾಗೇ ಆಯಿತು, ನಿನ್ನೆ ಬರೆದದ್ದಕ್ಕೆ ಇವತ್ತೇ ನಾಳೆ. ದೊರೆಗಳೇ, ನಾನು ಬಹಳ ಹೊತ್ತು ಯೋಚಿಸಿದೆ. ಅವಳು ಹೇಳಿದ್ದರಲ್ಲಿ ಎಲ್ಲೂ ಹುಳುಕು ಕಾಣಲಿಲ್ಲ. ನಮ್ಮ ದೆವ್ವಕ್ಕೆ ಬರೆದ ಮದ್ದು ತಮಗೆ ಲಗ್ನಪತ್ರಿಕೆಯಾಗಿತ್ತು. ಊರಿಗೆ ಊರೇ ನಂಬಿದ್ದ ಒಂದು ಉಪಾಯವನ್ನು ಪರದೇಶದ ಒಬ್ಬ ರಕ್ತ ಹೀರುವವನು ಬಂದು ಹಾಳು ಮಾಡುವುದೆಂದರೇನು? ನನಗೆ ರೇಗಿ, ಏನಾದರೂ ಬರಕೊಂಡು ಸಾಯಿ ಎಂದು ಕುರಿಹಟ್ಟಿಗೆ ಹೋದೆ. ಅವಳು ಸುಣ್ಣ ಒರೆಸಿ, ಕುರಿಗಳಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ ತಂದು, ಕದದ ತುಂಬ ದೊಡ್ಡದಾಗಿ ‘ಯಾವತ್ತೂ ಬರಬೇಡ’ ಎಂದು ಬರೆದಳು. ಆ ಬಣ್ಣ ಎಂಥದೆಂದರೆ, ಕುರಿಯ ಉಣ್ಣೆ ಕತ್ತರಿಸಿದರೆ ಉಣ್ಣೆಯ ಜೊತೆ ಹೋದೀತೇ ಹೊರತು ಮಳೆಗೆ ಹೋಗುವುದಿಲ್ಲ. ಕದಕ್ಕೆ ಉಣ್ಣೆ ಇಲ್ಲ.

ಅದೇ ಶನಿವಾರ ಸಂಜೆ ಬಿ.ಜಿ. ಕೆರೆಯವರು ಬರುವುದಿತ್ತು. ಹಗಲಿಗೇ ಬರಬೇಕಾದವರು ಚಳ್ಳಕೆರೆಯಲ್ಲಿ ಬಸ್ಸು ತಪ್ಪಿಸಿಕೊಂಡು, ನಮ್ಮ ಬಾಗಿಲಿಗೆ ಮುಟ್ಟಿದ್ದು ದೀಪ ಹಚ್ಚುವ ಹೊತ್ತಿಗೆ. ಮುಂದೆ ನಿಂತವರು ಹುಡುಗನ ಸೋದರಮಾವ ಕಾಮಣ್ಣ. ನಮ್ಮಲ್ಲಿ ಮದುವೆಯ ಮಾತಿಗೆ ಸೋದರಮಾವ ಕಂಬಳಿ ಹಾಸಬೇಕು, ಆ ಕಂಬಳಿಯ ಮೇಲೆ ಕೂತು ವೀಳ್ಯ ಬದಲಾಯಿಸಿದರೆ ಮಾತು ಮಾತಾಯಿತು. ಇಲ್ಲವಾದರೆ ಎಷ್ಟು ಒಪ್ಪಿಗೆಯಿದ್ದರೂ ಅದು ಹರಟೆ. ಅದಕ್ಕಾಗಿ ಅವರು ಒಳ್ಳೆಯ ಚಳ್ಳಕೆರೆ ಕಂಬಳಿಯನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡಿದ್ದರು. ಕರಿ ಕಂಬಳಿ, ಕೆಂಪು ಅಂಚು. ಶನಿವಾರ ಒಪ್ಪತ್ತು ಮಾಡುವವರಾದ್ದರಿಂದ ಹಸಿವಿಗೆ ಎಲೆ ಅಡಿಕೆ ಜಾಸ್ತಿ ಹಾಕಿಕೊಂಡು ಬಾಯಿ ಕೆಂಪಗಾಗಿ, ಮೀಸೆಯ ತುದಿಯಿಂದ ಒಂದು ಹನಿ ಗಲ್ಲಕ್ಕೆ ಇಳಿದಿತ್ತು. ಮೇಲಿನ ಸಾಲಿನಲ್ಲಿ ಮಧ್ಯದ ಹಲ್ಲುಗಳು ಹೋಗಿ, ಅಕ್ಕಪಕ್ಕದ ಕೋರೆಗಳೆರಡೇ ಉಳಿದಿವೆ. ತಾವು ಕನ್ನಡಿಯಲ್ಲಿ ಕಾಣುವವರಾಗಿದ್ದರೆ ಹೇಗೆ ಕಾಣುತ್ತಿದ್ದಿರೋ ಹಾಗೆ ನಿಂತಿದ್ದರು.

ನಾನು ಹಿತ್ತಿಲ ಹಟ್ಟಿಯಲ್ಲಿದ್ದೆ, ರಂಗಕ್ಕ ಬಾಣಲೆಯ ಮುಂದೆ, ವನಜಾಕ್ಷಿ ಸೀರೆಯ ನೆರಿಗೆಯಲ್ಲಿ. ಬಂದವರ ಕಾಲಿಗೆ ನೀರು ಕೊಟ್ಟು ‘ಒಳಗ್ ಬರ್ರಿ’ ಎನ್ನುವುದು ನಮ್ಮ ಮನೆಯಲ್ಲಿ ಚಿಕ್ಕ ಹೆಣ್ಣುಮಕ್ಕಳ ಕೆಲಸ. ಅದಕ್ಕೆಂದೇ ತೇಜಶ್ರೀಯ ಕೈಗೆ ಚೊಂಬು ಕೊಟ್ಟು ನಿಲ್ಲಿಸಿದ್ದೆವು. ಅವಳು ಕಾಮಣ್ಣನನ್ನು ನೋಡಿದವಳೇ ಚೊಂಬು ಬಿಟ್ಟು, ಕದ ಹಾಕಿ, ಅಗುಳಿ ಜಡಿದು, ಕಿಟಕಿಗೆ ಬಂದು ನಿಂತಳು. ಕಾಮಣ್ಣ ಅವಮಾನ ನುಂಗಿಕೊಂಡು, ನಗುತ್ತ, ‘ಯಾಕವ್ವ, ಒಳಗ್ ಕರಿಯಲ್ವಾ ನನ್ನ?’ ಅಂದರು. ದೊರೆಗಳೇ, ಆ ಸಿನಿಮಾದಲ್ಲಿ ತಾವು ಆಡಿದ ಮಾತು ಇದೇ ತಾನೆ? ಇದಕ್ಕಿಂತ ಕೆಟ್ಟ ಮಾತು ಅವರಿಗೆ ಆ ಹೊತ್ತಿನಲ್ಲಿ ಬೇರೆ ಸಿಗುತ್ತಿರಲಿಲ್ಲ.

ಮಗು ಪರೀಕ್ಷೆ ಮಾಡಿತು. ನಾನು ಗಡ್ಡ ಕೆರೆದುಕೊಳ್ಳುವ ಕನ್ನಡಿಯನ್ನು ತಂದು ಕಿಟಕಿಯಲ್ಲಿ ಹಿಡಿಯಿತು. ಅದರ ಪಾದರಸ ಯಾವತ್ತೋ ಉದುರಿಹೋಗಿದೆ. ಅದರಲ್ಲಿ ನಾನೇ ಕಾಣದೆ ಬಹಳ ಕಾಲವಾಯಿತು, ಕೈ ಅಂದಾಜಿನಲ್ಲಿ ಕೆರೆಯುತ್ತೇನೆ. ಕಾಮಣ್ಣನೂ ಕಾಣಲಿಲ್ಲ. ಆಮೇಲೆ ಬೆಳ್ಳುಳ್ಳಿ ಗಡ್ಡೆಯೊಂದನ್ನು ಕಂಬಿಯ ಸಂದಿಯಿಂದ ಚಾಚಿ, ಇದನ್ನು ತಿನ್ನು ಅಂದಿತು. ಕಾಮಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಕಿವಿ ಹಿಡಿದುಕೊಂಡು, ‘ಬ್ಯಾಡವ್ವ, ಶನಿವಾರ, ಮುಟ್ಟಂಗಿಲ್ಲ’ ಅಂದರು. ನಮ್ಮ ಕಡೆ ಶನಿವಾರ ಒಪ್ಪತ್ತು ಇರುವವರು ಈರುಳ್ಳಿ ಬೆಳ್ಳುಳ್ಳಿಯ ವಾಸನೆಗೂ ಹೋಗುವುದಿಲ್ಲ. ಸಿನಿಮಾದಲ್ಲಿ ತಾವೂ ಹಾಗೇ ಎರಡು ಹೆಜ್ಜೆ ಸರಿಯುತ್ತೀರಿ. ತೇಜಶ್ರೀ ಕಿರುಚಿದ ಕಿರುಚಾಟಕ್ಕೆ ಹಟ್ಟಿಯ ಕುರಿಗಳೆಲ್ಲ ಒಂದೇ ಮೂಲೆಗೆ ಬಿದ್ದವು.

ನಾನು ಹಿತ್ತಿಲಿಂದ ಓಡಿಬಂದಾಗ ಕಾಮಣ್ಣ ಕದದ ಮೇಲಿನ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿ ಮುಗಿಸುತ್ತಿದ್ದರು. ಆಂಧ್ರದ ಗಡಿಯವರಾದ್ದರಿಂದ ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತದೆ. ‘ಪದಂಡ್ರಾ ಪೋದಾಂ, ನಡೀರಿ ಹೋಗಾನ. ಬಾಗ್ಲ ಮ್ಯಾಲೇ ಬರ್ದವ್ರೆ, ಇನ್ನೇನ್ ಬಾಯಲ್ಲಿ ಬ್ಯಾರೆ ಹೇಳ್ಬೇಕಾ’ ಎಂದು ಕಂಬಳಿ ಕೊಡವಿದರು. ಕಂಬಳಿ ಕೊಡವಿದರೆ ಗಾಳಿಗೆ ರೆಕ್ಕೆಯ ಹಾಗೆ ಅಗಲವಾಯಿತು. ಮಗು ಇನ್ನೂ ಒಮ್ಮೆ ಕಿರುಚಿತು.

ಆಗ ಆ ಹುಡುಗ ಓಬಳೇಶ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ. ‘ಯಾರ್ ಬರಬಾರ್ದು ಅಂತ ಬರ್ದಿದೀಯವ್ವ?’ ಅಂದ. ಮಗು ಹೇಳಿತು. ‘ಬಂದ್ರೆ ಏನ್ ಮಾಡ್ತಾನೆ?’ ‘ನಮ್ಮತ್ತೇನ ಕಚ್ತಾನೆ. ಆಮೇಲೆ ಅತ್ತೆ ಬಸ್ಸಿಗೆ ಹೋಗಂಗಿಲ್ಲ, ಅವನಂಗೆ ಹಗಲೆಲ್ಲ ಪೆಟ್ಟಿಗೇಲೇ ಮಲಗಿರ್ಬೇಕು.’ ನೋಡಿ ದೊರೆಗಳೇ, ಅಷ್ಟು ಹೊತ್ತು ನಾವೆಲ್ಲ ಅದು ತುಂಟತನ ಅಂದುಕೊಂಡಿದ್ದೆವು. ಮಗು ಮನೆಯ ಹೆಣ್ಣನ್ನು ಕಾಯುತ್ತ ನಿಂತಿತ್ತು. ಓಬಳೇಶ ‘ಕೊಡಿಲ್ಲಿ’ ಎಂದು ಬೆಳ್ಳುಳ್ಳಿ ಗಡ್ಡೆಯನ್ನು ಇಸಕೊಂಡು, ಸಿಪ್ಪೆ ಬಿಡಿಸಿ, ಒಂದೊಂದೇ ಎಸಳು ಕಚ್ಚತೊಡಗಿದ. ಅವನಿಗೂ ಶನಿವಾರವೇ. ಅವನ ಅವ್ವ ಪಾತಮ್ಮ ಹಿಂದಿನಿಂದ ‘ಒಪ್ಪತ್ತು ಕೆಡಿಸ್ಕಂಡಲ್ಲೋ’ ಎಂದು ಎದೆಗೆ ಬಡಿದುಕೊಂಡರೆ, ಕಾಮಣ್ಣ ‘ಲೇ, ಶನಿವಾರ ಕಣಲೇ’ ಎಂದು ಹಲ್ಲು ಕಡಿದರು, ಅಂದರೆ ಇದ್ದಷ್ಟು ಹಲ್ಲು. ಹುಡುಗ ಕಣ್ಣಲ್ಲಿ ನೀರು ಸುರಿಸಿಕೊಂಡು ಗಡ್ಡೆ ಪೂರ್ತಿ ತಿಂದು, ಬಾಯಿ ಅಗಲಿಸಿ ಕಿಟಕಿಗೆ ತೋರಿಸಿದ. ಮಗು ಮೂಗು ಮುಚ್ಚಿಕೊಂಡು, ‘ನೀನ್ ಮಾತ್ರ ಬಾ’ ಅಂದಿತು.

ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ವನಜಾಕ್ಷಿ ಅಗುಳಿ ತೆಗೆದು ರೇಷ್ಮೆ ಸೀರೆಯಲ್ಲೇ ಹೊಸಿಲಿಗೆ ಬಂದಳು. ಹುಡುಗಿ ತಲೆ ತಗ್ಗಿಸಿ ನಿಲ್ಲಬೇಕಾದ ಹೊತ್ತು. ಅವಳು ಬಂದವರನ್ನೆಲ್ಲ ಒಂದು ಸಲ ನೋಡಿ, ದಿನಾ ಬಸ್ಸಿನಲ್ಲಿ ಕೂಗುವ ಅದೇ ಗಂಟಲಲ್ಲಿ, ‘ಬಾಗ್ಲಲ್ಲಿ ನಿಲ್ಬ್ಯಾಡ್ರಿ, ಒಳಗ್ ನಡೀರಿ, ಜಾಗ ಐತೆ’ ಅಂದಳು. ಎರಡು ತಾಲ್ಲೂಕಿನ ಜನ ಆ ಗಂಟಲಿಗೆ ಪಳಗಿದ್ದಾರೆ. ಪಾತಮ್ಮ ಎದೆ ಬಡಿಯುವುದನ್ನು ಬಿಟ್ಟು ಒಳಗೆ ನಡೆದರು, ನೆಂಟರು ನಡೆದರು, ಸುಮ್ಮನೆ ನೋಡಲು ನಿಂತಿದ್ದ ಪಕ್ಕದ ಮನೆಯ ಮುದ್ದಪ್ಪನೂ ನಡೆದ. ಕಾಮಣ್ಣನೂ ಒಂದು ಕಾಲನ್ನು ಹೊಸಿಲ ಒಳಗಿಟ್ಟಿದ್ದರು. ಆಮೇಲೆ ತನಗೆ ಅವಮಾನವಾಗಿರುವುದು ನೆನಪಿಗೆ ಬಂದು ಕಾಲನ್ನು ವಾಪಸ್ ತೆಗೆದುಕೊಂಡರು.

ಅಲ್ಲಿಗೆ ನಿಂತುಹೋಯಿತು. ಒಳಗೆ ಮಾತಾಯಿತು, ಉಪಚಾರವಾಯಿತು, ಪಾತಮ್ಮ ವನಜಾಕ್ಷಿಯ ತಲೆ ಸವರಿದರು. ಆದರೆ ಕಂಬಳಿ ಹೊರಗೆ ಜಗುಲಿಯ ಮೇಲೆ ಕೂತಿತ್ತು. ‘ನಿಮ್ ಮಗಳು ಕರ್ದಳು, ಒಪ್ಪಿದೆ. ಬರಬ್ಯಾಡ ಅಂತ ಬರ್ದೋಳು ಬಾ ಅನ್ನಲಿ. ಆವತ್ತು ಬಂದು ಹಾಸ್ತೀನಿ’ ಎಂದು ಹೇಳಿ ಕಾಮಣ್ಣ ಎದ್ದು ಹೋದರು. ನಾನು ಮಗುವನ್ನು ಬೈದೆ. ಬೈಯುವುದರಲ್ಲಿ ನಾನು ಹೋಬಳಿಗೇ ಹೆಸರಾದವನು. ಅತ್ತಳೇ ಹೊರತು, ‘ಬಾ ಅಂತೀನಿ’ ಅನ್ನಲಿಲ್ಲ. ಸಿನಿಮಾದಲ್ಲಿ ಹೀಗೇ ಒಬ್ಬಳು ಅಜ್ಜಿ ಪಾಪ ಎಂದು ‘ಬಾ’ ಅಂದಳು, ಏನಾಯಿತು ನೋಡಿದೆಯಲ್ಲ ತಾತ ಅಂದಳು. ಈ ಹಟ ಯಾರ ಕಡೆಯಿಂದ ಬಂತೋ ಎಂದೆ. ರಂಗಕ್ಕ ನನ್ನ ಮುಖವನ್ನೇ ನೋಡಿದಳು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಬಿ.ಜಿ. ಕೆರೆಯ ಕಾಮಣ್ಣ ತಮ್ಮ ಅಣ್ಣನೂ ಅಲ್ಲ ತಮ್ಮನೂ ಅಲ್ಲ, ದಾಯಾದಿಯೂ ಅಲ್ಲ ಎಂದು ತಮ್ಮ ಹಸ್ತಾಕ್ಷರದಲ್ಲಿ ಬರೆದು, ಮಗುವಿಗೆ ನಂಬಿಕೆ ಬರುವಂತೆ ಕೆಳಗೆ ಹಲ್ಲಿನ ಗುರುತು ಒತ್ತಿ ಕಳಿಸಿಕೊಡಬೇಕು. ಅದಾಗದಿದ್ದರೆ ತಾವೇ ಒಂದು ಗಳಿಗೆ ಟಿವಿಯಿಂದ ಇಳಿದು ಬಂದು ಕಾಮಣ್ಣನ ಪಕ್ಕ ನಿಂತರೆ ಇಬ್ಬರೂ ಬೇರೆ ಬೇರೆ ಎಂದು ಗೊತ್ತಾಗಿಬಿಡುತ್ತದೆ. ಬರುವಾಗ ಹೆಗಲಿಂದ ಇಳಿಬಿಡುವ ಆ ಕರಿ ನಿಲುವಂಗಿ ಬಿಟ್ಟು ಪಂಚೆ ಉಟ್ಟು ಬನ್ನಿ. ಕಂಬಳಿ ಹೊದ್ದ ಯಾವ ಮುದುಕನಿಗೂ ತಮ್ಮ ಹೋಲಿಕೆ ಬರಬಾರದು, ಚಳಿಗಾಲದಲ್ಲಿ ನಮ್ಮ ಊರ ಗಂಡಸರೆಲ್ಲ ಕಂಬಳಿಯಲ್ಲೇ ಇರುತ್ತೇವೆ. ಬಂದ ಮೇಲೆ ನಮ್ಮ ಕುರಿಗಳನ್ನು ಉಣ್ಣಿ ಔಷಧಿಯ ತೊಟ್ಟಿಗೆ ಇಳಿಸುವ ದಿನ ತಮ್ಮನ್ನೂ ಒಂದು ಮುಳುಗು ಹಾಕಿಸಿ ಕಳಿಸುತ್ತೇನೆ. ರಕ್ತ ಕುಡಿಯುವ ಚಟಕ್ಕೆ ಅದು ಚೆನ್ನಾಗಿ ಹಿಡಿಯುತ್ತದೆ, ನನ್ನ ಅನುಭವ. ತಾವು ಸಿನಿಮಾದ ಕೊನೆಯಲ್ಲಿ ಬಿಸಿಲಿಗೆ ಸುಟ್ಟು ಬೂದಿಯಾದಿರಿ ಎಂದು ತಿಳಿದಿದ್ದರೂ, ಎರಡನೇ ಭಾಗಕ್ಕೆ ಹೇಗೂ ಏಳುತ್ತೀರೆಂದು ಮಾರುತಿ ಹೇಳಿದ್ದರಿಂದ ಇಷ್ಟು ಬರೆದಿದ್ದೇನೆ.

ಉತ್ತರಕ್ಕಾಗಿ ದಾರಿ ಕಾಯುವ, ಕಾಯುವಾಗ ಕತ್ತಿಗೆ ಟವೆಲ್ಲು ಸುತ್ತಿಕೊಂಡಿರುವ,
ತಮ್ಮ ವಿಶ್ವಾಸಿ,
ಸೂರಪ್ಪ
ಪರಶುರಾಂಪುರ

ತಾಜಾ ಕಲಂ: ಇದನ್ನು ಬರೆದು ಮಡಚುವಷ್ಟರಲ್ಲಿ ಕಾಮಣ್ಣ ಬಂದರು. ಸೋಮವಾರ, ನಡುಮಧ್ಯಾಹ್ನ, ಕಂಬಳಿ ಕಂಕುಳಲ್ಲಿ, ಬಾಯಿ ತೊಳೆದುಕೊಂಡು. ಯಾರನ್ನೂ ಮಾತಾಡಿಸದೆ ಅಂಗಳದ ಬಿಸಿಲಲ್ಲಿ ಹೋಗಿ ನಿಂತರು. ನಾನು ಕರೆದೆ, ಬರಲಿಲ್ಲ. ತೇಜಶ್ರೀ ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಆಮೇಲೆ ‘ಸುಡ್ತೈತಾ?’ ಎಂದು ಕೇಳಿದಳು. ಬಿಸಿಲಿಗೆ ಸುಟ್ಟರೆ ತಾವೇ ಎಂದು ಅವಳ ಲೆಕ್ಕ. ಓಬಳೇಶನಿಂದ ಅದು ಗೊತ್ತಾಗಿಯೇ ಅವರು ಬಂದು ನಿಂತಿದ್ದು. ಇಲ್ಲ ಅಂದಿದ್ದರೆ ಮುಗಿದಿತ್ತು. ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ. ‘ಸುಡ್ತೈತೆ ಕಣವ್ವ. ಇದು ಪರಶುರಾಂಪುರ. ಎಲ್ರಿಗೂ ಸುಡ್ತೈತೆ’ ಅಂದರು. ಮಗು ಇದನ್ನು ಯೋಚಿಸಿತು. ಹೊರಗೆ ಬಂದು ಬರಿಗಾಲನ್ನು ಬಿಸಿಲಲ್ಲಿ ಇಟ್ಟು, ಎತ್ತಿಕೊಂಡು, ಅವರ ಬೋಳುತಲೆಯ ಬೆವರು ನೋಡಿ, ಒಳಗೆ ಹೋಗಿ ಬಣ್ಣದ ಡಬ್ಬಿ ತಂದಿತು. ಈಗ ನಮ್ಮ ಕದದ ಮೇಲೆ ‘ಯಾವತ್ತೂ ಬರಬೇಡ’ ಎನ್ನುವುದರ ಕೆಳಗೆ ‘ಕಾಮಣ್ಣಜ್ಜ ಬರಬಹುದು’ ಎಂದಿದೆ. ಅವರು ಅದನ್ನು ನಿಧಾನವಾಗಿ, ಬೀದಿಗೆಲ್ಲ ಕೇಳುವ ಹಾಗೆ ಓದಿ, ಕಾಲು ತೊಳೆದು, ಒಳಗೆ ಬಂದು ಕಂಬಳಿ ಹಾಸಿದರು.

ಆದ್ದರಿಂದ ತಾವು ಸರ್ಟಿಫಿಕೇಟು ಕಳಿಸುವ ತೊಂದರೆ ತೆಗೆದುಕೊಳ್ಳುವುದು ಬೇಡ. ಮದುವೆಗೆ ಮಾತ್ರ ತಪ್ಪದೆ ಬರಬೇಕು. ಕರೆಯದೆ ಬರುವವರಲ್ಲವಲ್ಲ, ಇಗೋ ಕರೆದಿದ್ದೇನೆ. ಬೇಸಿಗೆಯಲ್ಲಿ ಇಟ್ಟುಕೊಂಡಿದ್ದೇವೆ. ಮುಹೂರ್ತ ನೆತ್ತಿಯ ಮೇಲೆ ಸೂರ್ಯ ಬಂದಾಗ. ತಮ್ಮ ಎಲೆ ಹಾಕುವ ಕಡೆ ಚಪ್ಪರ ಹಾಕಿಸುವುದಿಲ್ಲ, ಮತ್ತು ಮೊದಲು ಬಡಿಸುವುದು ಬೆಳ್ಳುಳ್ಳಿ ಚಟ್ನಿ.